ಉರಿ ಎಂದಾಗಲೇ ನಿಲ್ಲಬೇಕಿದ್ದ ಡ್ರಿಪ್: ಪೊಟ್ಯಾಸಿಯಂ ಸೋರಿಕೆ ಮತ್ತು ಫ್ಲೆಬೈಟಿಸ್ (ನಾಳದ ಉರಿಯೂತ) ಒಟ್ಟಿಗೆ ಬಂದ ಒಂದು ಪ್ರಕರಣ ಅಧ್ಯಯನ

ಕೋಲಾರ ಜಿಲ್ಲೆಯ ತಾಲ್ಲೂಕು ಮಟ್ಟದ ಆಸ್ಪತ್ರೆಯ ಹೆಂಗಸರ ವಾರ್ಡನ್ನು ಕಣ್ಣ ಮುಂದೆ ಇಟ್ಟುಕೊಂಡು, ಶುಶ್ರೂಷಾ ಸಿಬ್ಬಂದಿಯ ಕಲಿಕೆಗಾಗಿ ಕಟ್ಟಿದ ಪ್ರಕರಣ ಇದು. ಯಾವುದೇ ಒಬ್ಬ ರೋಗಿಯ ಕೇಸ್‌ಶೀಟಿನ ನಕಲಲ್ಲ. ಆದರೆ ಇಲ್ಲಿ ನಡೆಯುವ ಒಂದೊಂದು ತಪ್ಪೂ ವಾರ್ಡಿನಲ್ಲಿ ದುಡಿದವರಿಗೆ ಪರಿಚಿತವೇ. ಐವಿ ಲೈನಿನ ತೊಂದರೆ ಒಮ್ಮೆಲೇ ಬೀಳುವ ಸಿಡಿಲಲ್ಲ. ಕೈ ಊದಿ ಬೊಬ್ಬೆ ಬರುವ ಹೊತ್ತಿಗೆ ನಾಲ್ಕೈದು ಸೂಚನೆಗಳು ಬಂದು ಹೋಗಿರುತ್ತವೆ. ಆ ಸೂಚನೆಗಳು ಯಾವ ಗಂಟೆಯಲ್ಲಿ, ಯಾವ ರೂಪದಲ್ಲಿ ಬಂದವು, ಅವುಗಳಿಗೆ ಏನು ಮಾಡಲಾಯಿತು, ಏನು ಮಾಡಬೇಕಿತ್ತು ಎಂಬುದೇ ಈ ಬರಹದ ವಿಷಯ.

ರೋಗಿ ಮತ್ತು ದಾಖಲಾತಿ

ಮುಳಬಾಗಿಲು ಕಡೆಯ ಹಳ್ಳಿಯ 56 ವರ್ಷದ ಹೆಂಗಸು, ತೂಕ 46 ಕೆ.ಜಿ. ಟೊಮೇಟೊ ತೋಟಗಳಲ್ಲಿ ಕೂಲಿ ಕೆಲಸ. ಮನೆಮಾತು ತೆಲುಗು, ಕನ್ನಡ ಅರ್ಥವಾಗುತ್ತದೆ. ಬಿಪಿಗೆಂದು ದಿನಕ್ಕೊಂದು ಹೈಡ್ರೋಕ್ಲೋರೋಥಯಾಜೈಡ್ 25 ಮಿ.ಗ್ರಾಂ. ಮಾತ್ರೆ ನುಂಗುತ್ತಾರೆ. ಎರಡು ದಿನದಿಂದ ನೀರಿನಂತೆ ಭೇದಿ, ಜೊತೆಗೆ ವಾಂತಿ. ಬಿಪಿ ಮಾತ್ರೆ ಬಿಡಬಾರದೆಂದು ಯಾರೋ ಹೇಳಿದ್ದರಿಂದ ಭೇದಿಯ ನಡುವೆಯೂ ಅದನ್ನು ನುಂಗಿದ್ದಾರೆ. ಭೇದಿಯಲ್ಲಿ ಪೊಟ್ಯಾಸಿಯಂ ಹೋಗುತ್ತದೆ, ಈ ಮಾತ್ರೆಯಿಂದ ಮೂತ್ರದಲ್ಲೂ ಹೋಗುತ್ತದೆ. ಮುಂದೆ ನಡೆದದ್ದಕ್ಕೆಲ್ಲ ಬೀಜ ಇಲ್ಲೇ ಇದೆ.

ಮೊದಲ ದಿನ ಬೆಳಿಗ್ಗೆ 11ಕ್ಕೆ ಊರ ಸಮೀಪದ ಕ್ಲಿನಿಕ್ಕಿನಲ್ಲಿ ಬಲ ಮೊಣಕೈಯ ಮಡಿಕೆಯಲ್ಲಿ 20 ಗೇಜಿನ ಗುಲಾಬಿ ಕ್ಯಾನುಲ (ನಾಳದೊಳಗೆ ಇಡುವ ಪ್ಲಾಸ್ಟಿಕ್ ಕೊಳವೆ; ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ಕೊಳವೆ ದಪ್ಪ) ಹಾಕಿ, ಒಂದು ಡಿಎನ್‌ಎಸ್ (ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್, ಬೆರೆತ ಸಲೈನ್), ಒಂದು ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್), ಒಟ್ಟು 1000 ಮಿ.ಲೀ. ಏರಿಸಿದ್ದಾರೆ. ಗ್ಲೂಕೋಸ್ ಏರಿಸಿದರೆ ಶಕ್ತಿ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಡೆಕ್ಸ್‌ಟ್ರೋಸ್ ಒಳಗೆ ಹೋದಾಗ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಪೊಟ್ಯಾಸಿಯಂ ಅನ್ನು ಜೀವಕೋಶದೊಳಕ್ಕೆ ತಳ್ಳುತ್ತದೆ. ಮೊದಲೇ ಕಡಿಮೆ ಇದ್ದ ಪೊಟ್ಯಾಸಿಯಂ ರಕ್ತದಲ್ಲಿ ಇನ್ನೂ ಇಳಿಯುತ್ತದೆ. ಪೊಟ್ಯಾಸಿಯಂ ಬೆರೆಸಲು ಡೆಕ್ಸ್‌ಟ್ರೋಸ್ ಬದಲು ಸಲೈನ್ ಬಳಸುವುದೂ ಇದೇ ಕಾರಣಕ್ಕೆ.

ಸಂಜೆ 4ಕ್ಕೆ ತಾಲ್ಲೂಕು ಆಸ್ಪತ್ರೆಗೆ ದಾಖಲು. ಬಿಪಿ 84/56, ನಾಡಿ 124, ಉಸಿರು 24. ನಾಲಿಗೆ ಒಣಗಿದೆ, ಹೊಟ್ಟೆಯ ಚರ್ಮ ಚಿವುಟಿದರೆ ಹಿಂದಕ್ಕೆ ಹೋಗಲು ಎರಡು ಸೆಕೆಂಡಿಗಿಂತ ಹೆಚ್ಚು ಬೇಕು. ಬೆಳಗಿನಿಂದ ಮೂತ್ರವಿಲ್ಲ. ಕಾಲೆತ್ತಲು ಶಕ್ತಿಯಿಲ್ಲ, ಹೊಟ್ಟೆ ಉಬ್ಬಿದೆ, ಕರುಳಿನ ಸದ್ದು ಮಂದ. ಡ್ರಿಪ್ ಇಲ್ಲದ ಜಾಗದಿಂದ ತೆಗೆದ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ ಬರೀ 2.6 ಎಂಈಕ್ಯು (ಮಿಲಿಈಕ್ವಿವಲೆಂಟ್, ಲವಣಗಳನ್ನು ಅಳೆಯುವ ಮಾನ). ಇಸಿಜಿಯಲ್ಲಿ ಟಿ ಅಲೆ ಚಪ್ಪಟೆ, ಅದರ ಹಿಂದೆ ಯು ಅಲೆ, ಎರಡೂ ಪೊಟ್ಯಾಸಿಯಂ ಕಡಿಮೆಯಾದ ಗುರುತು. ರಕ್ತ ತೆಗೆದ ಜಾಗವನ್ನು ಬೇಕೆಂದೇ ಹೇಳಿದ್ದೇವೆ. ಡ್ರಿಪ್ ಓಡುತ್ತಿರುವ ಕೈಯಲ್ಲಿ, ಅದೂ ಕ್ಯಾನುಲಕ್ಕಿಂತ ಮೇಲೆ, ರಕ್ತ ತೆಗೆದರೆ ಬರುವುದು ಬಾಟಲಿಯ ವರದಿ. ಟೂರ್ನಿಕೆಟ್ ಬಹಳ ಹೊತ್ತು ಕಟ್ಟಿ ಮುಷ್ಟಿ ಬಿಗಿಸಿ ಬಿಡಿಸಿ ಮಾಡಿಸಿದರೂ ಪೊಟ್ಯಾಸಿಯಂ ಸುಳ್ಳಾಗಿ ಏರಿ ಕಾಣುತ್ತದೆ.

ನೀರು ಬೇಗ ಹೋಗಬೇಕಿತ್ತು. ತೀವ್ರ ನಿರ್ಜಲೀಕರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಪ್ಲಾನ್ ‘ಸಿ’ ಪ್ರಕಾರ ಮೊದಲ ಅರ್ಧ ಗಂಟೆಯಲ್ಲಿ ಕೆ.ಜಿ.ಗೆ 30 ಮಿ.ಲೀ., ನಂತರದ ಎರಡೂವರೆ ಗಂಟೆಯಲ್ಲಿ ಕೆ.ಜಿ.ಗೆ 70 ಮಿ.ಲೀ. ಆರ್‌ಎಲ್ ಹೋಗಬೇಕು. 46 ಕೆ.ಜಿ.ಗೆ ಮೊದಲ ಕಂತೇ 1380 ಮಿ.ಲೀ., ಅಂದರೆ ನಿಮಿಷಕ್ಕೆ 46 ಮಿ.ಲೀ. 22 ಗೇಜಿನ ನೀಲಿ ಕ್ಯಾನುಲದಲ್ಲಿ ನಿಮಿಷಕ್ಕೆ ಸುಮಾರು 35 ಮಿ.ಲೀ.ಗಿಂತ ಹೆಚ್ಚು ಹರಿಯದು, 20ರಲ್ಲಿ ಸುಮಾರು 60. ಇದು ಕ್ಯಾನುಲದ ಪೊಟ್ಟಣದ ಮೇಲಿನ ಲೆಕ್ಕ. ಹಾಸಿಗೆಯ ಪಕ್ಕದಲ್ಲಿ, ಕೈ ಮಡಚಿದಾಗಲೆಲ್ಲ ನಿಲ್ಲುವ ಮೊಣಕೈ ಲೈನಿನಲ್ಲಿ, ಅಷ್ಟು ಸಿಗುವುದಿಲ್ಲ. ಇಂಥವರಿಗೆ ಮುಂಗೈಯಲ್ಲಿ ಹಸಿರು 18 ಹಾಕುವುದು ಸರಿ. ನಾಳಗಳು ಬತ್ತಿ ಹೋಗಿದ್ದರಿಂದ ಸಿಕ್ಕಿದ್ದು ಎಡ ಹಸ್ತದ ಹಿಂಬದಿಯ ಸಣ್ಣ ನಾಳ, ಅಲ್ಲಿಗೆ ನೀಲಿ 22. ಎರಡೂ ಲೈನುಗಳಲ್ಲಿ ಆರ್‌ಎಲ್ ಓಡಿಸಿ, ಕ್ಲಿನಿಕ್ಕಿನಲ್ಲಿ ಹೋದ ಒಂದು ಲೀಟರನ್ನು ಲೆಕ್ಕಕ್ಕೆ ಹಿಡಿದು, ಅರ್ಧ ಗಂಟೆಗೊಮ್ಮೆ ನಾಡಿ, ಉಸಿರು, ಶ್ವಾಸಕೋಶದ ಬುಡ ನೋಡುತ್ತಾ, ರಾತ್ರಿ 8ರ ಹೊತ್ತಿಗೆ 3500 ಮಿ.ಲೀ. ಮುಗಿಯಿತು. ಬಿಪಿ 108/70. ಮೂತ್ರ 150 ಮಿ.ಲೀ. ಬಂತು. ಇಲ್ಲಿಯವರೆಗಿನ ಆರೈಕೆ ಚೆನ್ನಾಗಿಯೇ ಇತ್ತು. ಮೂತ್ರ ಬಂದ ಮೇಲೆಯೇ ಪೊಟ್ಯಾಸಿಯಂ ಎಂದು ಕಾದದ್ದೂ ಸರಿಯೇ.

ಒಂದು ಮಾತ್ರ ಉಳಿಯಿತು. ಕ್ಲಿನಿಕ್ಕಿನಿಂದ ಬಂದ ಬಲ ಮೊಣಕೈಯ ಲೈನ್. ಅದನ್ನು ಯಾವ ಶುಚಿತ್ವದಲ್ಲಿ ಹಾಕಿದರು ಎಂದು ಯಾರಿಗೂ ಗೊತ್ತಿಲ್ಲ. ಮೇಲೆ ದಿನಾಂಕವಿಲ್ಲ, ಪ್ಲಾಸ್ಟರಿನ ಕೆಳಗೆ ಹತ್ತಿಯ ಉಂಡೆ. ತುರ್ತಿನಲ್ಲಿ, ಶುಚಿತ್ವ ಖಾತ್ರಿಯಿಲ್ಲದೆ ಹಾಕಿದ ಕ್ಯಾನುಲವನ್ನು ಆದಷ್ಟು ಬೇಗ, ತಡವೆಂದರೂ 48 ಗಂಟೆಯೊಳಗೆ ತೆಗೆಯಬೇಕು ಎಂಬುದು ನಿಯಮ. ‘ಓಡ್ತಿದೆಯಲ್ಲ, ಇರಲಿ’ ಎಂದು ಅದು ಉಳಿಯಿತು.

ರಾತ್ರಿ 9: ಪೊಟ್ಯಾಸಿಯಂ ಬಾಟಲಿ

ವೈದ್ಯರ ಆದೇಶ: ಎನ್‌ಎಸ್ (ನಾರ್ಮಲ್ ಸಲೈನ್) 500 ಮಿ.ಲೀ.ಗೆ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) 20 ಎಂಈಕ್ಯು ಬೆರೆಸಿ 4 ಗಂಟೆಯಲ್ಲಿ. ಆದೇಶದಲ್ಲಿ ತಪ್ಪಿಲ್ಲ. ನಮ್ಮಲ್ಲಿ ಸಿಗುವ 15 ಪರ್ಸೆಂಟ್ ಕೆಸಿಎಲ್ ಆಂಪ್ಯೂಲ್ 10 ಮಿ.ಲೀ.ಯದು. ಒಂದು ಮಿ.ಲೀ.ಯಲ್ಲಿ 2 ಎಂಈಕ್ಯು, ಇಡೀ ಆಂಪ್ಯೂಲಿನಲ್ಲಿ 20. ಅದನ್ನು ತುಂಬಿದ 500 ಮಿ.ಲೀ. ಬಾಟಲಿಗೆ ಹಾಕಿದರೆ 510 ಮಿ.ಲೀ.ಯಲ್ಲಿ 20, ಅಂದರೆ ಲೀಟರಿಗೆ 39. ಕೈಯ ನಾಳದಲ್ಲಿ ಕೊಡುವಾಗ ಲೀಟರಿಗೆ 40 ಎಂಈಕ್ಯು ದಾಟಬಾರದು, ಗಂಟೆಗೆ 10 ದಾಟಬಾರದು. ಮಿ.ಲೀ.ಗೆ 20 ಹನಿಯ ಸೆಟ್ಟಿನಲ್ಲಿ 510ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ 42 ಹನಿ. ಗಂಟೆಗೆ 5 ಎಂಈಕ್ಯು. ಸುರಕ್ಷಿತ.

ನಡೆದದ್ದು ಬೇರೆ. ಎಡಗೈಯ ಲೈನಿಗೆ ಅದಾಗಲೇ ಒಂದು ಎನ್‌ಎಸ್ ಬಾಟಲಿ ನೇತಾಡುತ್ತಿತ್ತು. ಅದರಲ್ಲಿ ಉಳಿದದ್ದು ಸುಮಾರು 200 ಮಿ.ಲೀ. ಹೊಸ ಬಾಟಲಿ ತರುವ ಬದಲು, ಆಂಪ್ಯೂಲನ್ನು ಸಿರಿಂಜಿಗೆಳೆದು ನೇತಾಡುತ್ತಿದ್ದ ಆ ಬಾಟಲಿಗೇ ಚುಚ್ಚಲಾಯಿತು. ಹನಿ ಮಾತ್ರ ಆದೇಶದ ಪ್ರಕಾರ 42ಕ್ಕೆ ಇಡಲಾಯಿತು.

ಲೆಕ್ಕ ಹಾಕಿ ನೋಡಿ. 210 ಮಿ.ಲೀ.ಯಲ್ಲಿ 20 ಎಂದರೆ ಲೀಟರಿಗೆ ಸುಮಾರು 95 ಎಂಈಕ್ಯು, ಮಿತಿಯ ಎರಡು ಪಟ್ಟಿಗೂ ಹೆಚ್ಚು. 42 ಹನಿ ಎಂದರೆ ಗಂಟೆಗೆ 126 ಮಿ.ಲೀ., ಹಾಗಾಗಿ ಗಂಟೆಗೆ 12 ಎಂಈಕ್ಯು. ಕಾರ್ಡಿಯಾಕ್ ಮಾನಿಟರ್ ಇಲ್ಲದ ಹಾಸಿಗೆಯಲ್ಲಿ ಈ ವೇಗ ಅಪಾಯಕಾರಿ. ಅದೂ ಚೆನ್ನಾಗಿ ಬೆರೆತಿದ್ದರೆ ಮಾತ್ರ ಈ ಲೆಕ್ಕ. ಕೆಸಿಎಲ್ ದ್ರಾವಣ ಸಲೈನಿಗಿಂತ ತೂಕದ್ದು. ನೇತಾಡುವ ಬಾಟಲಿಗೆ ಕೆಳಗಿನಿಂದ ಚುಚ್ಚಿದಾಗ ಅದು ಮೇಲಕ್ಕೆ ಬೆರೆಯದೆ ಬಾಟಲಿಯ ಕುತ್ತಿಗೆಯಲ್ಲೇ ಕೂರುತ್ತದೆ. ಸೆಟ್ಟಿನ ಮುಳ್ಳು ಇರುವುದೂ ಅಲ್ಲೇ. ಮೊದಲ ಹನಿಗಳು ಹೆಚ್ಚುಕಡಿಮೆ ಆಂಪ್ಯೂಲಿನ ಗಾಢತೆಯಲ್ಲೇ ಇಳಿಯುತ್ತವೆ. ಇದೇ ಗಾಢ ದ್ರಾವಣ ವೇಗವಾಗಿ ಹೃದಯ ತಲುಪಿದರೆ ಹೃದಯ ನಿಲ್ಲಬಹುದು. ಕೆಸಿಎಲ್ ಅನ್ನು ಸಿರಿಂಜಿನಿಂದ ನೇರ ನಾಳಕ್ಕೆ ಎಂದೂ ತಳ್ಳಬಾರದು ಎಂಬ ನಿಯಮ ಎಲ್ಲರಿಗೂ ಬಾಯಿಪಾಠ. ಬೆರೆಸದ ಬಾಟಲಿ ಅದೇ ನಿಯಮವನ್ನು ಹಿಂಬಾಗಿಲಿನಿಂದ ಮುರಿಯುತ್ತದೆ.

ಸರಿಯಾದ ಕ್ರಮ ಇಷ್ಟೇ: ಹೊಸ, ತುಂಬಿದ ಬಾಟಲಿ. ಸೆಟ್ ಚುಚ್ಚುವ ಮೊದಲೇ, ಬಾಟಲಿಯನ್ನು ಮೇಜಿನ ಮೇಲೆ ಇಟ್ಟು, ರಬ್ಬರನ್ನು ಆಲ್ಕೋಹಾಲ್ ಸ್ವಾಬಿನಿಂದ ಒರೆಸಿ ಒಣಗಲು ಬಿಟ್ಟು ಕೆಸಿಎಲ್ ಹಾಕುವುದು. ಬಾಟಲಿಯನ್ನು ಕನಿಷ್ಠ ಹತ್ತು ಸಲ ಪೂರ್ತಿ ತಲೆಕೆಳಗು ಮಾಡಿ ಬೆರೆಸುವುದು, ಸುಮ್ಮನೆ ಅಲ್ಲಾಡಿಸಿದರೆ ಸಾಲದು. ಏನು, ಎಷ್ಟು, ಎಷ್ಟು ಗಂಟೆಗೆ, ಯಾರು ಎಂದು ಚೀಟಿ ಅಂಟಿಸಿ, ಇನ್ನೊಬ್ಬ ಸಿಸ್ಟರ್ ಆಂಪ್ಯೂಲನ್ನೂ ಲೆಕ್ಕವನ್ನೂ ನೋಡಿದ ಮೇಲೆ ತೂಗುಹಾಕುವುದು. ಓಡುತ್ತಿರುವ ಬಾಟಲಿಗೆ ಕೆಸಿಎಲ್ ಸೇರಿಸುವಂತಿಲ್ಲ, ಎಷ್ಟೇ ಅವಸರವಿದ್ದರೂ. ಆಂಪ್ಯೂಲುಗಳನ್ನು ಡಿಸ್ಟಿಲ್ಡ್ ವಾಟರ್, ಸಲೈನ್ ಆಂಪ್ಯೂಲುಗಳ ಟ್ರೇಯಲ್ಲಿ ಇಡದೆ ಬೇರೆ ಡಬ್ಬಿಯಲ್ಲಿ ಬೀಗ ಹಾಕಿ ಇಡಬೇಕು. ನೋಡಲು ಒಂದೇ ಥರ ಇರುವ ಈ ಆಂಪ್ಯೂಲಿನಿಂದ ಯಾರಾದರೂ ಲೈನ್ ಫ್ಲಶ್ ಮಾಡಿದರೆ (ತಳ್ಳಿ ತೊಳೆದರೆ) ರೋಗಿಯನ್ನು ಉಳಿಸಿಕೊಳ್ಳುವುದು ಕಷ್ಟ.

9:20: ಮೊದಲ ಸೂಚನೆ

ಇಪ್ಪತ್ತು ನಿಮಿಷಕ್ಕೆ ರೋಗಿ ಕೈ ಉರಿಯುತ್ತಿದೆ ಎಂದರು. ಹೇಳಿದ್ದು ತೆಲುಗಿನಲ್ಲಿ, ಮಗನ ಮೂಲಕ. ಹನಿ 20ಕ್ಕೆ ಇಳಿಸಲಾಯಿತು, ಉರಿ ಸ್ವಲ್ಪ ತಗ್ಗಿತು, ಚಾರ್ಟಿನಲ್ಲಿ ಏನೂ ಬರೆಯಲಿಲ್ಲ. ಕೈ ಬ್ಯಾಂಡೇಜ್ ಸುತ್ತಿ ರಟ್ಟಿಗೆ ಕಟ್ಟಿದ ಸ್ಥಿತಿಯಲ್ಲೇ ಹೊದಿಕೆಯ ಕೆಳಗಿತ್ತು.

ಉರಿ ಯಾಕೆ ಬಂತು ಎಂಬುದನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಕೈಯ ನಾಳ ಸಾಮಾನ್ಯವಾಗಿ ಲೀಟರಿಗೆ 900 ಮಿಲಿಆಸ್ಮೋಲ್‌ವರೆಗೆ (ದ್ರವದಲ್ಲಿ ಕರಗಿದ ಕಣಗಳ ಅಳತೆ) ತಡೆಯುತ್ತದೆ. ಎನ್‌ಎಸ್ 308, ಅದಕ್ಕೆ ಈ ಕೆಸಿಎಲ್ ಸೇರಿ ಸುಮಾರು 500. 25 ಪರ್ಸೆಂಟ್ ಡೆಕ್ಸ್‌ಟ್ರೋಸ್‌ನಂತೆ 1200 ದಾಟುವ ದ್ರವವಲ್ಲ ಇದು. ಬಾಟಲಿಯ ಒಟ್ಟು ಗಾಢತೆ ಮಿತಿಯೊಳಗೇ ಇದೆಯಲ್ಲ ಎಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಇಲ್ಲಿ ಚುಚ್ಚುವುದು ಪೊಟ್ಯಾಸಿಯಂ ಅಯಾನೇ. ನಾಳದ ಗೋಡೆಯಲ್ಲಿರುವ ನೋವಿನ ನರತುದಿಗಳನ್ನು ಅದು ಕೆರಳಿಸುತ್ತದೆ, ನಾಳ ಬಿಗಿದುಕೊಳ್ಳುತ್ತದೆ. ಹಸ್ತದ ಹಿಂಬದಿಯ ಸಣ್ಣ ನಾಳದಲ್ಲಿ 0.9 ಮಿ.ಮೀ. ದಪ್ಪದ ಕ್ಯಾನುಲವೇ ಹೆಚ್ಚಿನ ಜಾಗ ತುಂಬಿರುತ್ತದೆ. ಸುತ್ತ ಹರಿದು ದ್ರವವನ್ನು ತೆಳುಮಾಡುವ ರಕ್ತವೇ ಇರುವುದಿಲ್ಲ. ಬಿಗಿದ ನಾಳದಲ್ಲಿ ಹರಿವು ಇನ್ನೂ ಕಡಿಮೆ, ಹಾಗಾಗಿ ಗೋಡೆಗೆ ತಾಗುವ ಗಾಢತೆ ಇನ್ನೂ ಹೆಚ್ಚು. ಪೊಟ್ಯಾಸಿಯಂ ಕೊಡುವುದಿದ್ದರೆ ಮುಂಗೈಯ ದೊಡ್ಡ ನಾಳ ಹುಡುಕಬೇಕು ಎನ್ನುವುದು ಇದಕ್ಕೇ.

ಉರಿ ಎಂದಾಗ ಹನಿ ಇಳಿಸುವುದು ತಪ್ಪೇ? ಜಾಗ ನೋಡಿ, ಅದು ಆರೋಗ್ಯವಾಗಿದೆ ಎಂದು ಖಚಿತವಾದ ಮೇಲೆ ಇಳಿಸಿದರೆ ತಪ್ಪಲ್ಲ. ನೋಡದೆ ಇಳಿಸಿದರೆ ರೋಗಿಯ ಬಾಯಿ ಮುಚ್ಚಿಸಿದಂತೆ. ಮೊದಲು ರೋಲರ್ (ಹನಿಯ ವೇಗ ಹೊಂದಿಸುವ ಗಾಲಿ) ಮುಚ್ಚಬೇಕು. ಬ್ಯಾಂಡೇಜ್ ಬಿಚ್ಚಬೇಕು. ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ಬೆರಳ ಗೆಣ್ಣುಗಳನ್ನು ನೋಡಬೇಕು. ಒಂದು ಕೈಯಲ್ಲಿ ಗೆಣ್ಣಿನ ಗುಳಿಗಳು ಮಾಯವಾಗಿದ್ದರೆ ಊತ ಶುರುವಾಗಿದೆ ಎಂದೇ ಅರ್ಥ. ನಮ್ಮ ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು: ದ್ರವ ಹೊರಗೆ ಸೋರಿದ್ದರೆ ಚರ್ಮ ತಣ್ಣಗೆ, ಬಿಳಿಚಿಕೊಂಡು ಬಿಗಿಯಾಗಿರುತ್ತದೆ. ನಾಳ ಉರಿಗೊಂಡಿದ್ದರೆ ಬಿಸಿ, ಕೆಂಪು ಗೆರೆ. ನಂತರ ಹನಿ ನಿಧಾನವಾಗಿ ಬಿಟ್ಟು, ಕ್ಯಾನುಲದ ತುದಿಗಿಂತ ಎರಡು ಮೂರು ಸೆಂ.ಮೀ. ಮೇಲೆ ನಾಳವನ್ನು ಬೆರಳಿನಿಂದ ಒತ್ತಬೇಕು. ಲೈನ್ ಒಳಗಿದ್ದರೆ ಹನಿ ನಿಲ್ಲುತ್ತದೆ ಅಥವಾ ತೀರಾ ನಿಧಾನವಾಗುತ್ತದೆ. ಒತ್ತಿದರೂ ಹನಿ ಹಾಗೇ ಬೀಳುತ್ತಿದ್ದರೆ ದ್ರವ ಹೋಗುತ್ತಿರುವುದು ಮಾಂಸದೊಳಕ್ಕೆ. ಬಾಟಲಿ ಕೆಳಗಿಳಿಸಿ ‘ರಕ್ತ ಬರ್ತಿದೆ, ಲೈನ್ ಸರಿ ಇದೆ’ ಎನ್ನುವ ರೂಢಿ ವಾರ್ಡುಗಳಲ್ಲಿ ಬೇರೂರಿದೆ. ಅದನ್ನು ನಂಬಬಾರದು. ತುದಿ ಅರ್ಧ ಒಳಗೆ ಅರ್ಧ ಹೊರಗೆ ಇದ್ದಾಗ, ಅಥವಾ ನಾಳದ ಹಿಂಗೋಡೆ ತೂತಾಗಿದ್ದಾಗಲೂ ರಕ್ತ ಬರುತ್ತದೆ.

10:15: ಹನಿ ನಿಂತಿತು

ರೋಲರ್ ಪೂರ್ತಿ ಬಿಟ್ಟರೂ ಹನಿ ಬೀಳಲಿಲ್ಲ. 5 ಮಿ.ಲೀ. ಸಿರಿಂಜಿನಲ್ಲಿ ಸಲೈನ್ ಎಳೆದು ತಳ್ಳಿದಾಗ ಮೊದಲು ತಡೆ, ಆಮೇಲೆ ಸರಕ್ಕನೆ ಹೋಯಿತು. ಹನಿ ಮತ್ತೆ ಶುರುವಾಯಿತು. ನಾಳ ಒಡೆದದ್ದು ಬಹುಶಃ ಆ ಕ್ಷಣದಲ್ಲೇ. ಸಿರಿಂಜ್ ಚಿಕ್ಕದಾದಷ್ಟೂ ಅದೇ ಹೆಬ್ಬೆರಳ ಒತ್ತಿಗೆ ಹೆಚ್ಚು ಒತ್ತಡ ಹುಟ್ಟುತ್ತದೆ. ಬಿಗಿದು ಉರಿಗೊಂಡ ನಾಳ ಅದನ್ನು ತಡೆಯದು. ಕ್ಯಾನುಲದ ತುದಿಯಲ್ಲಿ ಹೆಪ್ಪು ಇದ್ದರೆ ಅದನ್ನು ಒಳಕ್ಕೆ ನೂಕಿದಂತಾಗುತ್ತದೆ. ಪರೀಕ್ಷೆಗೆ 10 ಮಿ.ಲೀ. ಸಿರಿಂಜ್ ಬಳಸಿ, ಮೊದಲು ಮೆಲ್ಲಗೆ ಹಿಂದಕ್ಕೆಳೆದು ನೋಡಬೇಕು. ತಡೆ ಸಿಕ್ಕಿದರೆ ಅಲ್ಲಿಗೆ ಆ ಲೈನಿನ ಕೆಲಸ ಮುಗಿಯಿತು, ತೆಗೆದು ಬೇರೆ ಹಾಕಬೇಕು.

12:40ಕ್ಕೆ ಮಗ ಕರೆದ. ಬ್ಯಾಂಡೇಜ್ ಬಿಚ್ಚಿದಾಗ ಗೆಣ್ಣುಗಳಿಂದ ಮಣಿಕಟ್ಟು ದಾಟಿ 14 ಸೆಂ.ಮೀ. ಊತ. ಚರ್ಮ ಬಿಗಿ, ಹೊಳಪು, ತಣ್ಣಗೆ. ಮಣಿಕಟ್ಟಿನ ಗಾಜಿನ ಬಳೆಗಳು ಊತದಲ್ಲಿ ಹೂತಿದ್ದವು.

ಬಾಟಲಿಯಲ್ಲಿ 30 ಮಿ.ಲೀ. ಉಳಿದಿತ್ತು. 10:15ರವರೆಗೆ ಇಳಿದದ್ದು ಸುಮಾರು 97 ಮಿ.ಲೀ. ಉಳಿದ 83 ಮಿ.ಲೀ.ಯ ಬಹುಪಾಲು, ಅಂದರೆ ಸರಿಯಾಗಿ ಬೆರೆತಿತ್ತೆಂದುಕೊಂಡರೆ 7ರಿಂದ 8 ಎಂಈಕ್ಯು, ರಕ್ತಕ್ಕೆ ಹೋಗದೆ ಕೈಯ ಮಾಂಸದಲ್ಲಿ ನಿಂತಿದೆ. ಇದು ಎರಡು ಕಡೆಯ ನಷ್ಟ. ಕೈಗೆ ಪೆಟ್ಟು, ಜೊತೆಗೆ ರೋಗಿಗೆ ಬೇಕಿದ್ದ ಪೊಟ್ಯಾಸಿಯಂ ಸಿಕ್ಕಿಲ್ಲ. ಚಾರ್ಟಿನಲ್ಲಿ ‘20 ಕೊಡಲಾಗಿದೆ’ ಎಂದು ಬರೆದುಬಿಟ್ಟರೆ ಬೆಳಗಿನ ಡ್ಯೂಟಿಯ ವೈದ್ಯರ ಲೆಕ್ಕವೂ ತಪ್ಪುತ್ತದೆ.

ಸೋರಿಕೆ ಕಂಡ ಮೇಲೆ ಮಾಡಿದ್ದು

ಈ ಭಾಗ ಸರಿಯಾಗಿ ನಡೆಯಿತು, ಹಾಗಾಗಿ ಕ್ರಮವಾಗಿ ಹೇಳುವುದು ಉಪಯುಕ್ತ.

ಹನಿ ನಿಲ್ಲಿಸಿ ಸೆಟ್ಟನ್ನು ಕ್ಯಾನುಲದಿಂದ ಬಿಡಿಸಲಾಯಿತು. ಕ್ಯಾನುಲವನ್ನು ಕೂಡಲೇ ಕಿತ್ತುಹಾಕಲಿಲ್ಲ. ಅದರ ಮೂಲಕವೇ 2 ಮಿ.ಲೀ. ಸಿರಿಂಜಿನಿಂದ ಸಿಗುವಷ್ಟು ದ್ರವವನ್ನು ಹಿಂದಕ್ಕೆಳೆಯಬೇಕು, ಆಮೇಲೆ ತೆಗೆಯಬೇಕು. ಸಿಗುವುದು ಹೆಚ್ಚೆಂದರೆ ಒಂದೆರಡು ಮಿ.ಲೀ., ಆದರೂ ತುದಿಯ ಸುತ್ತಲಿನ ಗಾಢ ದ್ರವ ಅದು. ಈ ಹಂತದಲ್ಲಿ ಫ್ಲಶ್ ಮಾಡುವಂತಿಲ್ಲ. ತೆಗೆದ ಜಾಗವನ್ನು ಒತ್ತಿ ತಿಕ್ಕುವಂತಿಲ್ಲ, ಒಣ ಗಾಜ್ (ಗಾಯಕ್ಕೆ ಇಡುವ ಜಾಳು ಬಟ್ಟೆ) ಇಟ್ಟು ಹಗುರಾಗಿ ಹಿಡಿದರೆ ಸಾಕು.

ನಂತರ ಬಳೆಗಳು. ಮುತ್ತೈದೆ ಹೆಂಗಸರು ಕೈ ಬರಿದು ಮಾಡಿಕೊಳ್ಳಲು ಒಪ್ಪುವುದಿಲ್ಲ, ಅದನ್ನು ಗೌರವಿಸಬೇಕು. ಲೈನ್ ಹಾಕುವ ಮೊದಲೇ ಕೇಳಿ ಆ ಕೈಯ ಬಳೆಗಳನ್ನು ಇನ್ನೊಂದು ಕೈಗೆ ಹಾಕಿಸಿದ್ದರೆ ಇದು ಸುಲಭವಾಗುತ್ತಿತ್ತು. ಊದಿದ ಕೈಯಲ್ಲಿ ಬಳೆ, ಉಂಗುರ, ಕಟ್ಟಿದ ದಾರ ಎಲ್ಲವೂ ರಕ್ತ ಸಂಚಾರ ತಡೆಯುವ ಬಿಗಿ ಪಟ್ಟಿಗಳೇ. ಇಲ್ಲಿ ಬಳೆಯ ಕೆಳಗೆ ಗಾಜ್ ತೂರಿಸಿ, ಚರ್ಮ ಕೊಯ್ಯದಂತೆ ಒಂದೊಂದಾಗಿ ತುಂಡರಿಸಬೇಕಾಯಿತು.

ಊತದ ಅಂಚನ್ನು ಸ್ಕಿನ್ ಮಾರ್ಕರಿನಿಂದ ಗುರುತಿಸಿ ಸಮಯ ಬರೆದು, ಕೈಯನ್ನು ದಿಂಬಿನ ಮೇಲೆ ಎದೆಮಟ್ಟಕ್ಕಿಂತ ಮೇಲೆ ಇರಿಸಲಾಯಿತು. ಒಣ ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪ್ಯಾಕ್ 15ರಿಂದ 20 ನಿಮಿಷ, ದಿನಕ್ಕೆ ನಾಲ್ಕು ಸಲ, ಎರಡು ದಿನ. ಐಸನ್ನು ನೇರ ಚರ್ಮದ ಮೇಲೆ ಇಡಬಾರದು. ನಾರ್‌ಅಡ್ರಿನಲಿನ್‌ನಂತಹ ಔಷಧ ಸೋರಿದ್ದರೆ ಮಾತ್ರ ಇದಕ್ಕೆ ತದ್ವಿರುದ್ಧವಾಗಿ ಬೆಚ್ಚನೆಯ ಶಾಖ, ಏಕೆಂದರೆ ಅಲ್ಲಿ ನಾಳ ಬಿಗಿದದ್ದೇ ತೊಂದರೆ. ಎಲ್ಲ ಊತಕ್ಕೂ ಮ್ಯಾಗ್ನೀಸಿಯಂ ಸಲ್ಫೇಟ್ ಪಟ್ಟಿ ಕಟ್ಟುವ ರೂಢಿ ಇದೆ. ಪಟ್ಟಿ ಕಟ್ಟಿದ ಕೂಡಲೇ ಚರ್ಮ ಕಣ್ಣಿಗೆ ಮರೆಯಾಗುತ್ತದೆ, ಹಾಗಾಗಿ ಇಂಥ ಕೈಗೆ ಅದನ್ನು ಕಟ್ಟದಿರುವುದೇ ಲೇಸು. ಸೋರಿದ ದ್ರವ ಬೇಗ ಹರಡಿ ಹೀರಿಹೋಗಲು ಹಯಾಲುರೋನಿಡೇಸ್ ಚುಚ್ಚುವ ಆಯ್ಕೆಯನ್ನು ವೈದ್ಯರು ಯೋಚಿಸಿದರು. ಅದು ಮೊದಲ ಒಂದು ಗಂಟೆಯಲ್ಲಿ ಹೆಚ್ಚು ಫಲ ಕೊಡುತ್ತದೆ. ಇಲ್ಲಿ ಆ ಹೊತ್ತು ದಾಟಿತ್ತು.

ಗಂಟೆಗೊಮ್ಮೆ ನೋಡಿದ್ದು: ಉಗುರು ಒತ್ತಿ ಬಿಟ್ಟರೆ ಬಣ್ಣ ಎರಡು ಸೆಕೆಂಡಿನಲ್ಲಿ ಮರಳುತ್ತದೆಯೇ, ಮಣಿಕಟ್ಟಿನ ನಾಡಿ, ಬೆರಳಿನ ಸ್ಪರ್ಶ, ಬೆರಳು ಆಡಿಸುವ ಶಕ್ತಿ. ಎಲ್ಲಕ್ಕಿಂತ ಮುಖ್ಯ, ನಾವೇ ಬೆರಳನ್ನು ಮೆಲ್ಲಗೆ ಹಿಂದಕ್ಕೆ ಚಾಚಿದಾಗ ತಡೆಯಲಾರದ ನೋವು ಬರುತ್ತದೆಯೇ ಎಂಬುದು. ಬಂದರೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ (ಊತದ ಒತ್ತಡಕ್ಕೆ ಸ್ನಾಯುವಿನ ರಕ್ತ ಸಂಚಾರ ನಿಲ್ಲುವ ಸ್ಥಿತಿ) ಎಂದು ಭಾವಿಸಿ ಕೂಡಲೇ ಶಸ್ತ್ರಚಿಕಿತ್ಸಕರನ್ನು ಕರೆಯಬೇಕು. ನಾಡಿ ಸಿಗುತ್ತಿದೆ ಎಂದು ಕಾಯಬಾರದು, ಈ ಸ್ಥಿತಿಯಲ್ಲಿ ನಾಡಿ ಹೋಗುವುದು ಕೊನೆಗೆ.

ಆ ರಾತ್ರಿಯ ಟಿಪ್ಪಣಿ ಹೀಗಿತ್ತು: ‘ರಾತ್ರಿ 12:40. ಎಡ ಹಸ್ತದ ಹಿಂಬದಿ, 22 ಗೇಜ್. ಎನ್‌ಎಸ್ + ಕೆಸಿಎಲ್ ಸೋರಿಕೆ. ಊತ 14 ಸೆಂ.ಮೀ., ಚರ್ಮ ಬಿಗಿ, ತಣ್ಣಗೆ, ಬೊಬ್ಬೆ ಇಲ್ಲ. ಬಾಟಲಿಯಲ್ಲಿ ಉಳಿಕೆ 30 ಮಿ.ಲೀ. ಹಿಂದಕ್ಕೆಳೆದದ್ದು 1.5 ಮಿ.ಲೀ., ಕ್ಯಾನುಲ ಪೂರ್ತಿಯಾಗಿ ಹೊರಬಂದಿದೆ. ಬಳೆ ತೆಗೆಯಲಾಗಿದೆ. ಉಗುರಿನ ಬಣ್ಣ 2 ಸೆಕೆಂಡ್, ನಾಡಿ ಇದೆ, ಬೆರಳು ಆಡುತ್ತವೆ. ವೈದ್ಯರಿಗೆ 12:45ಕ್ಕೆ ತಿಳಿಸಿದೆ. ಪೊಟ್ಯಾಸಿಯಂ ಪೂರ್ಣ ಡೋಸ್ ಹೋಗಿಲ್ಲ.’ ಮಾದರಿಯಾಗಿ ಇಟ್ಟುಕೊಳ್ಳಬಹುದಾದ ಟಿಪ್ಪಣಿ. ಒಂದು ಕೊರತೆ: ದರ್ಜೆ ಬರೆದಿಲ್ಲ. ಸೋರಿಕೆ ಅಳೆಯುವ ಇನ್‌ಫಿಲ್ಟ್ರೇಷನ್ ಮಾಪಕದಲ್ಲಿ 2.5ರಿಂದ 15 ಸೆಂ.ಮೀ. ಊತ ಎರಡನೇ ದರ್ಜೆ. ಆದರೆ ಸೋರಿದ್ದು ಉರಿ ತರುವ ಔಷಧವಾದರೆ ಎಷ್ಟೇ ಸ್ವಲ್ಪವಾದರೂ ನಾಲ್ಕನೇ ದರ್ಜೆ ಎಂದೇ ಲೆಕ್ಕ. ಅಳತೆ ನೋಡಿ ‘ಎರಡು’ ಎಂದು ಬರೆದಿದ್ದರೆ ಬೆಳಗಿನವರು ಸಾಧಾರಣ ಊತವೆಂದು ಬಿಟ್ಟುಬಿಡುವ ಸಾಧ್ಯತೆಯಿತ್ತು.

ಬೆಳಿಗ್ಗೆ ಹಸ್ತದ ಹಿಂಬದಿಯಲ್ಲಿ ಎರಡು ಬೊಬ್ಬೆ. ಅವನ್ನು ಒಡೆಯಲಿಲ್ಲ. ಪೊಟ್ಯಾಸಿಯಂ 2.9. ವಾಂತಿ ನಿಂತಿದ್ದರಿಂದ ಮುಂದಿನದ್ದು ಬಾಯಿಯ ಮೂಲಕ: 15 ಮಿ.ಲೀ.ಯಲ್ಲಿ 20 ಎಂಈಕ್ಯು ಇರುವ ಕೆಸಿಎಲ್ ಸಿರಪ್, ಒಂದು ಲೋಟ ನೀರಿಗೆ ಬೆರೆಸಿ, ತಿಂಡಿಯ ನಂತರ, ನಿಧಾನವಾಗಿ ಗುಟುಕರಿಸುವುದು. ಜೊತೆಗೆ ಓಆರ್‌ಎಸ್, ಅದರ ಲೀಟರಿನಲ್ಲೂ 20 ಎಂಈಕ್ಯು ಪೊಟ್ಯಾಸಿಯಂ ಇದೆ. ಮ್ಯಾಗ್ನೀಸಿಯಂ ಕೂಡ ಪರೀಕ್ಷಿಸಲಾಯಿತು, ಅದು ಕಡಿಮೆ ಇದ್ದರೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ಮೂತ್ರದಲ್ಲಿ ಹೋಗುತ್ತಿರುತ್ತದೆ.

ನಾಲ್ಕನೇ ದಿನ: ಮರೆತ ಮೊಣಕೈ

ಎಲ್ಲರ ಕಣ್ಣು ಎಡಗೈಯ ಮೇಲೆ ಇದ್ದಾಗ ಬಲ ಮೊಣಕೈಯ ಕ್ಲಿನಿಕ್ ಲೈನಿನಲ್ಲಿ ಸೆಫ್ಟ್ರಿಯಾಕ್ಸೋನ್ (ಆ್ಯಂಟಿಬಯಾಟಿಕ್), ಪ್ಯಾಂಟೊಪ್ರಜೋಲ್ (ಹೊಟ್ಟೆಯ ಆಮ್ಲ ತಗ್ಗಿಸುವ ಔಷಧ), ಆರ್‌ಎಲ್ ಓಡುತ್ತಿದ್ದವು. ಸೆಫ್ಟ್ರಿಯಾಕ್ಸೋನ್ ಮತ್ತು ಆರ್‌ಎಲ್‌ನಲ್ಲಿರುವ ಕ್ಯಾಲ್ಸಿಯಂ ಒಂದೇ ಸೆಟ್ಟಿನಲ್ಲಿ ಸೇರಿದರೆ ಹರಳುಗಟ್ಟುತ್ತವೆ. ಆರ್‌ಎಲ್ ನಿಲ್ಲಿಸಿ, ಸಲೈನಿನಲ್ಲಿ ಫ್ಲಶ್ ಮಾಡಿ, ಔಷಧ ಕೊಟ್ಟು, ಮತ್ತೆ ಫ್ಲಶ್ ಮಾಡಿಯೇ ಆರ್‌ಎಲ್ ಬಿಡಬೇಕು. ಪ್ಯಾಂಟೊಪ್ರಜೋಲ್ ಕ್ಷಾರೀಯ, ಅದೂ ನಾಳವನ್ನು ಕೆರಳಿಸುತ್ತದೆ.

ನಾಲ್ಕನೇ ದಿನ ಬೆಳಿಗ್ಗೆ 6ಕ್ಕೆ ಚಳಿ, ಜ್ವರ 101.6. ಕ್ಯಾನುಲ ಹಾಕಿ ಆಗಲೇ 67 ಗಂಟೆ. ಹತ್ತಿ ತೆಗೆದಾಗ ತೂತಿನ ಬಾಯಲ್ಲಿ ಕೀವಿನ ಹನಿ, ಸುತ್ತ ಕೆಂಪು, ಗಡಸು, ಮೇಲ್ದೋಳಿನ ಕಡೆಗೆ 8 ಸೆಂ.ಮೀ. ಉದ್ದಕ್ಕೆ ಬೆರಳಿಗೆ ಸಿಗುವ ಹಗ್ಗದಂಥ ನಾಳ. ನಾಳದ ಉರಿಯೂತ ಅಳೆಯುವ ವಿಐಪಿ ಸ್ಕೋರ್ 5. ಈ ಸ್ಕೋರಿನಲ್ಲಿ ಸೊನ್ನೆ ಆರೋಗ್ಯವಂತ ಜಾಗ. ಸ್ವಲ್ಪ ನೋವು ಅಥವಾ ಸ್ವಲ್ಪ ಕೆಂಪು ಇದ್ದರೆ 1, ಗಮನಿಸುತ್ತಿರಬೇಕು. ನೋವು, ಕೆಂಪು, ಊತದಲ್ಲಿ ಎರಡು ಕಂಡರೆ 2, ಕ್ಯಾನುಲ ತೆಗೆಯಲೇಬೇಕು. ಗಡಸು ಸೇರಿದರೆ 3. ಹಗ್ಗದಂಥ ನಾಳ ಸಿಕ್ಕರೆ 4. ಇವೆಲ್ಲದರ ಜೊತೆ ಜ್ವರ ಬಂದರೆ 5. ಎರಡರಿಂದ ಐದರವರೆಗಿನ ದಾರಿ ಆ ಹತ್ತಿಯ ಕೆಳಗೆ ನಡೆದಿದೆ. ಪಾರದರ್ಶಕ ಡ್ರೆಸ್ಸಿಂಗ್ ಇದ್ದಿದ್ದರೆ ಎರಡರಲ್ಲೇ ಕಣ್ಣಿಗೆ ಬೀಳುತ್ತಿತ್ತು. ಗಾಜ್ ಕಟ್ಟಿದ್ದರೂ ಎರಡು ದಿನಕ್ಕೊಮ್ಮೆ ಬಿಚ್ಚಿ ಬದಲಿಸುವುದು ನಿಯಮ.

ಇಲ್ಲಿ ಮೂರು ಕಾರಣಗಳು ಸೇರಿವೆ. ಮಡಿಚುವ ಕೀಲಿನಲ್ಲಿ ಕ್ಯಾನುಲ ಪ್ರತಿ ಚಲನೆಗೂ ಗೋಡೆ ಉಜ್ಜುತ್ತದೆ, ಔಷಧಗಳು ಕೆರಳಿಸುತ್ತವೆ, ಹಾಕುವಾಗಿನ ಅಶುಚಿಯಿಂದ ರೋಗಾಣು ಒಳಹೊಕ್ಕಿದೆ. ಕೀವಿನ ಸ್ವಾಬ್, ಬೇರೆ ಬೇರೆ ಜಾಗದಿಂದ ಎರಡು ಸೆಟ್ ರಕ್ತದ ಕಲ್ಚರ್ ಕಳಿಸಿದ ಮೇಲೆ ವೈದ್ಯರು ಸ್ಟ್ಯಾಫಿಲೊಕಾಕಸ್‌ಗೆ ಕೆಲಸ ಮಾಡುವ ಆ್ಯಂಟಿಬಯಾಟಿಕ್ ಆರಂಭಿಸಿದರು. ಸ್ವಾಬಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆಯಿತು, ರಕ್ತದಲ್ಲಿ ಬೆಳೆಯಲಿಲ್ಲ. ರಕ್ತದಲ್ಲೂ ಬೆಳೆದಿದ್ದರೆ ಕನಿಷ್ಠ 14 ದಿನದ ಐವಿ ಚಿಕಿತ್ಸೆ, ಹೃದಯದ ಕವಾಟಗಳ ತಪಾಸಣೆ ಎಲ್ಲ ಬೇಕಾಗುತ್ತಿತ್ತು.

ಹೊಸ ಲೈನ್ ಹಾಕಿದ ಬಗೆ

ಎರಡೂ ಕೈ ಕೆಟ್ಟ ಮೇಲೆ ಜಾಗ ಎಲ್ಲಿ? ಪೆಟ್ಟಾದ ಜಾಗಕ್ಕಿಂತ ಕೆಳಗೆ ಹಾಕಿದರೆ ದ್ರವ ಅದೇ ನಾಳದ ಮೂಲಕ ಹಾದುಹೋಗಬೇಕಾಗುತ್ತದೆ. ಎಡ ಮುಂಗೈಯ ಮೇಲ್ಭಾಗ, ಮಾರ್ಕರ್ ಗೆರೆಯಿಂದ ಸಾಕಷ್ಟು ಮೇಲೆ, ಮೊಣಕೈ ಕೀಲಿಗಿಂತ ಕೆಳಗೆ ಒಂದು ನೇರ ನಾಳ ಸಿಕ್ಕಿತು. ಔಷಧಕ್ಕಷ್ಟೇ ಬೇಕಿದ್ದರಿಂದ 22 ಸಾಕಾಯಿತು.

ಟೂರ್ನಿಕೆಟ್ ಜಾಗಕ್ಕಿಂತ ಸುಮಾರು 10 ಸೆಂ.ಮೀ. ಮೇಲೆ. ನಾಳ ಏಳದಿದ್ದರೆ ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ಬೆಚ್ಚನೆಯ ಬಟ್ಟೆ ಸುತ್ತಿ ಕಾಯಬೇಕು, ಚಟಚಟ ಹೊಡೆಯುವುದರಿಂದ ಪ್ರಯೋಜನವಿಲ್ಲ. 2 ಪರ್ಸೆಂಟ್ ಕ್ಲೋರ್‌ಹೆಕ್ಸಿಡಿನ್ ಮತ್ತು 70 ಪರ್ಸೆಂಟ್ ಆಲ್ಕೋಹಾಲ್ ಇರುವ ದ್ರಾವಣದಿಂದ 30 ಸೆಕೆಂಡ್ ಉಜ್ಜಿ, ತಾನಾಗಿ ಒಣಗಲು ಬಿಡಬೇಕು. ಊದಿ ಒಣಗಿಸಿದರೆ, ಮತ್ತೆ ಬೆರಳಿಟ್ಟು ನಾಳ ಹುಡುಕಿದರೆ ಉಜ್ಜಿದ್ದೆಲ್ಲ ವ್ಯರ್ಥ. 10ರಿಂದ 30 ಡಿಗ್ರಿ ಕೋನದಲ್ಲಿ ಚುಚ್ಚಿ, ರಕ್ತ ಕಂಡ ಕೂಡಲೇ ಕೋನ ತಗ್ಗಿಸಿ ಎರಡು ಮಿ.ಮೀ. ಮುಂದೆ ಹೋಗಿ, ಸೂಜಿಯನ್ನು ಅಲ್ಲೇ ಹಿಡಿದು ಪ್ಲಾಸ್ಟಿಕನ್ನು ಮಾತ್ರ ಜಾರಿಸಬೇಕು. ಹೊರಗೆಳೆದ ಸೂಜಿಯನ್ನು ಮತ್ತೆ ಕ್ಯಾನುಲದೊಳಕ್ಕೆ ತೂರಿಸಲೇಬಾರದು, ಪ್ಲಾಸ್ಟಿಕ್ ತುಂಡಾಗಿ ರಕ್ತದಲ್ಲಿ ಹೋಗಬಹುದು. ಪಾರದರ್ಶಕ ಡ್ರೆಸ್ಸಿಂಗಿನ ಅಂಚಿನಲ್ಲಿ ದಿನಾಂಕ, ಗಂಟೆ, ಗೇಜ್, ಸಹಿ. ಪ್ರತಿ ಬಾರಿ ಔಷಧ ಕೊಡುವ ಮೊದಲು ಕ್ಯಾನುಲದ ಹಬ್ (ಸಿರಿಂಜ್ ಸೇರಿಸುವ ಬಾಯಿ) ಅನ್ನು ಸ್ವಾಬಿನಿಂದ 15 ಸೆಕೆಂಡ್ ಉಜ್ಜಬೇಕು.

ಬಾಟಲಿಗೆ ಗಾಳಿಗೆಂದು ಸೂಜಿ ಚುಚ್ಚಿ ಬಿಡುವ ಅಭ್ಯಾಸವನ್ನೂ ಇಲ್ಲಿ ನಿಲ್ಲಿಸಲಾಯಿತು. ತಾನಾಗಿ ಕುಗ್ಗುವ ಮೆತ್ತನೆಯ ಬಾಟಲಿಗೆ ಗಾಳಿ ಬೇಕಿಲ್ಲ, ಕುಗ್ಗದ ಬಾಟಲಿಗೆ ಫಿಲ್ಟರ್ ಇರುವ ಏರ್‌ವೆಂಟ್ ಸೆಟ್ ಇದೆ. ಬಾಟಲಿಯ ಬದಿಗೆ ಪ್ಲಾಸ್ಟರಿನ ಪಟ್ಟಿ ಅಂಟಿಸಿ ಪ್ರತಿ ಗಂಟೆಗೆ ದ್ರವ ಎಲ್ಲಿರಬೇಕೆಂದು ಗೆರೆ ಹಾಕಿದರೆ, ರೋಲರನ್ನು ರೋಗಿಯ ಕಡೆಯವರು ಮುಟ್ಟಿದ್ದರೂ ಒಂದು ನೋಟಕ್ಕೆ ಗೊತ್ತಾಗುತ್ತದೆ. ರಾತ್ರಿ ಇಬ್ಬರೇ ಸಿಸ್ಟರ್ ಇಡೀ ವಾರ್ಡ್ ನೋಡುವ ಕಡೆ ಎಲ್ಲ ಲೈನನ್ನೂ ಗಂಟೆಗೊಮ್ಮೆ ಬಿಚ್ಚಿ ನೋಡಲಾಗದು, ನಿಜ. ಹಾಗಿದ್ದರೆ ಪೊಟ್ಯಾಸಿಯಂ ಓಡುತ್ತಿರುವ ಹಾಸಿಗೆಗೆ ಮಾತ್ರವಾದರೂ ಅದನ್ನು ಕಡ್ಡಾಯ ಮಾಡಬೇಕು, ಡ್ಯೂಟಿ ಬದಲಾಗುವಾಗ ಇಬ್ಬರೂ ಆ ಹಾಸಿಗೆಯ ಬಳಿ ನಿಂತು ಕೈ ಮುಟ್ಟಿ ವಹಿಸಿಕೊಳ್ಳಬೇಕು. ಕೋಲಾರದಂಥ ಕಡೆ ‘ಉರಿ ಇದೆಯಾ, ನೋವಾ, ಜೋಮಾ’ ಎಂಬ ಮೂರು ಪ್ರಶ್ನೆಗಳನ್ನು ತೆಲುಗಿನಲ್ಲೂ ಕೇಳಲು ಎಲ್ಲ ಸಿಬ್ಬಂದಿ ಕಲಿತಿರಬೇಕು.

ಫಲಿತಾಂಶ

ಜ್ವರ ಎರಡು ದಿನದಲ್ಲಿ ಇಳಿಯಿತು. ಪೊಟ್ಯಾಸಿಯಂ ನಾಲ್ಕನೇ ದಿನ 3.6, ಇಸಿಜಿಯ ಯು ಅಲೆ ಹೋಗಿತ್ತು. ಬಲ ಮೊಣಕೈಯ ಗಡಸು ಕರಗಲು ಮೂರು ವಾರ ಬೇಕಾಯಿತು. ಎಡ ಹಸ್ತದ ಬೊಬ್ಬೆಯ ಜಾಗದಲ್ಲಿ 2 ಸೆಂ.ಮೀ. ಅಗಲದ ಕಪ್ಪು ಹಕ್ಕಳೆ ಕಟ್ಟಿತು. ಜಿಲ್ಲಾಸ್ಪತ್ರೆಯ ಶಸ್ತ್ರಚಿಕಿತ್ಸಕರು ನೋಡಿ, ಸ್ನಾಯುರಜ್ಜು ಕಾಣುತ್ತಿಲ್ಲವಾದ್ದರಿಂದ ಚರ್ಮಕಸಿ ಬೇಡವೆಂದು ಡ್ರೆಸ್ಸಿಂಗಿನಲ್ಲೇ ಮುಂದುವರಿಸಿದರು. ಐದು ವಾರಕ್ಕೆ ಗಾಯ ಮುಚ್ಚಿತು. ಮೊದಲ ವಾರದಿಂದಲೇ ದಿನಕ್ಕೆ ನಾಲ್ಕೈದು ಸಲ ಬೆರಳು ಮಡಚಿ ಚಾಚುವ ವ್ಯಾಯಾಮ ಮಾಡಿಸಿದ್ದರಿಂದ ಮುಷ್ಟಿ ಪೂರ್ತಿ ಕಟ್ಟಲು ಬರುತ್ತದೆ.

ಒಂಬತ್ತನೇ ದಿನ ಡಿಸ್ಚಾರ್ಜ್ ಚೀಟಿಯಲ್ಲಿ ಸೋರಿಕೆಯ ವಿವರ, ಯಾವ ಕೈ, ಯಾವ ಔಷಧ ಎಂದು ಬರೆದು ಕೊಡಲಾಯಿತು. ಬಿಪಿ ಮಾತ್ರೆಯನ್ನು ವೈದ್ಯರು ಬದಲಿಸಿದರು. ಭೇದಿ, ವಾಂತಿ ಇರುವ ದಿನ ಬಿಪಿ ಮಾತ್ರೆ ನುಂಗುವ ಮೊದಲು ಕೇಳಬೇಕು, ಮೊದಲ ಭೇದಿಯಿಂದಲೇ ಓಆರ್‌ಎಸ್ ಶುರು ಮಾಡಬೇಕು, ಎಲ್ಲೇ ಡ್ರಿಪ್ ಹಾಕಿದರೂ ಉರಿದರೆ ಕೂಡಲೇ ಹೇಳಬೇಕು, ನೋಡುವವರೆಗೂ ಬಿಡಬಾರದು ಎಂದು ಅವರಿಗೂ ಮಗನಿಗೂ ತೆಲುಗಿನಲ್ಲಿ ಹೇಳಿ, ಇಬ್ಬರಿಂದಲೂ ತಿರುಗಿ ಹೇಳಿಸಲಾಯಿತು.